ಪಕ್ಷಕ್ಕಾಗಿ ಉಂಡವನು

ಶಾಲೆಯ ಮಾಸ್ತರರನ್ನು ಪರೀಕ್ಷಿಸಲು ಇನ್‌ಸ್ಪೆಕ್ಟರು ಬರುತ್ತಾರೆ, ಹೊಸ ಸೊಸೆಯನ್ನು ಪರೀಕ್ಷಿಸಲು ಅತ್ತೆಯ ತವರಿನವರು ಬರುತ್ತಾರೆ, ಅಂಗಡಿಯ ತಕ್ಕಡಿಯನ್ನು ಪರೀಕ್ಷಿಸಲು ಕೂಡ ಆಗೀಗ ಒಬ್ಬರು ಚೀಲ ಹಿಡಿದುಕೊಂಡು ಬರುತ್ತಾರೆ. ಆದರೆ ನಾವು ಓಟು ಹಾಕಿ ಆರಿಸಿ ಕಳಿಸಿದವರು ಕೆಲಸ ಮಾಡುತ್ತಾರೋ ಇಲ್ಲವೋ ಎಂದು ನೋಡುವವರು ಯಾರು? ಐದು ವರ್ಷಕ್ಕೊಮ್ಮೆ ಮತದಾರರೇ ನೋಡಿಕೊಳ್ಳುತ್ತಾರೆ ಎಂದು ಪೌರನೀತಿಯ ಪಾಠದಲ್ಲಿ ಓದಿದ ನೆನಪು. ಪಾಠ ಬರೆದವರು ನಡುವಿನ ಒಂದು ಪುಟವನ್ನು ಬಿಟ್ಟಿದ್ದಾರೆ. ನಡುವೆ ಪಕ್ಷ ಎಂಬುದೊಂದಿದೆ, ಅದೂ ನೋಡುತ್ತದೆ. ಹೇಗೆ ನೋಡುತ್ತದೆ ಎಂಬುದನ್ನು ನನ್ನಷ್ಟು ಅಧಿಕಾರದಿಂದ ಹೇಳಬಲ್ಲವರು ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲೂಕು ಜಾಲಾಡಿದರೂ ಹೆಚ್ಚು ಜನ ಸಿಗಲಾರರು. ಯಾಕೆಂದರೆ ನಾನು ಯಾವ ಚುನಾವಣೆಗೂ ನಿಂತವನಲ್ಲ, ನಿಂತು ಸೋತವನೂ ಅಲ್ಲ. ಆದರೂ ಒಂದು ದೊಡ್ಡ ಪಕ್ಷ ಕುಮಟೆಯಲ್ಲಿ ಸಭೆ ಸೇರಿ, ಫ್ಯಾನಿನ ಕೆಳಗೆ ಕೂತು, ನನ್ನ ಕಾರ್ಯವೈಖರಿಯನ್ನು ಪರಿಶೀಲಿಸಿದೆ. ಪಕ್ಷದ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಪಕ್ಷದವರಿಗಿಂತ ಉಳಿದ ಪಕ್ಷದವರಿಗೇ ಹೆಚ್ಚು ಬೇಸರವಾಗುತ್ತದೆ. ನಮ್ಮಲ್ಲೂ ಹೀಗೇ ನಡೆಯುತ್ತದಲ್ಲ, ನಮ್ಮನ್ನು ಯಾಕೆ ಬಿಟ್ಟಿರಿ ಎಂದು ಕೇಳುತ್ತಾರೆ.

ನಾನು ಭಟ್ಕಳದ ಬಜಾರಿನಲ್ಲಿ ಒಬ್ಬ ಸಾಹೇಬರ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಮನೆ ಮಾತ್ರ ಹೊನ್ನಾವರ ತಾಲೂಕಿನಲ್ಲಿ, ಹೆದ್ದಾರಿ ಬಿಟ್ಟು ಸಮುದ್ರದ ಕಡೆ ಇಳಿದರೆ ಸಿಗುವ ಒಂದು ಹಳ್ಳಿಯಲ್ಲಿ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮ್ಮ ತಾಲೂಕು ಪಂಚಾಯತಿ ಕ್ಷೇತ್ರ ಮಹಿಳೆಗೆ ಮೀಸಲಾಯಿತು. ಮೀಸಲಾದದ್ದೇ ತಡ, ಪಕ್ಷದ ತಾಲೂಕು ಅಧ್ಯಕ್ಷರಾದ ವೆಂಕಟ್ರಮಣ ನಾಯ್ಕರು ತಮ್ಮ ಮೋಟರ್ ಸೈಕಲ್ಲನ್ನು ನಮ್ಮ ಅಂಗಳದಲ್ಲಿ ತಂದು ನಿಲ್ಲಿಸಿದರು. ಪಕ್ಷದ ಸಭೆಗಳಲ್ಲಿ ಜಮಖಾನ ಹಾಸಿ, ಮತ್ತೆ ಮಡಚಿ ಇಡುವ ಕೆಲಸವನ್ನು ನಾನು ಬಹಳ ವರ್ಷದಿಂದ ನಿಷ್ಠೆಯಿಂದ ಮಾಡಿಕೊಂಡು ಬಂದಿದ್ದೆ. ಅದರ ಫಲ ಇಂದು ಮನೆಗೇ ಬಂತು ಎಂದುಕೊಂಡು ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದೆ. ನಾಯ್ಕರು ನನ್ನ ಅಂಗಿಯ ಕಡೆ ನೋಡದೆ, ನನ್ನ ಹೆಗಲಿನ ಮೇಲಿಂದ ಅಡುಗೆಮನೆಯ ಬಾಗಿಲನ್ನು ನೋಡುತ್ತ, "ಶ್ರೀಧರಣ್ಣ, ಅಕ್ಕ ಇದ್ರಾ?" ಎಂದರು.

ಅಕ್ಕ ಎಂದರೆ ನನ್ನ ಹೆಂಡತಿ ನಾಗವೇಣಿ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು, ವಿಷಯವನ್ನೆಲ್ಲ ಕೇಳಿಕೊಂಡಳು, ಕಡೆಗೆ ಒಂದೇ ಪ್ರಶ್ನೆ ಕೇಳಿದಳು. "ಅಲ್ಲಿ ಕೆಲ್ಸ ಎಂತದ್ದು?"

"ಕೆಲ್ಸ ಎಂತದೂ ಇಲ್ಲ ಅಕ್ಕ. ಸಹಿ ಹಾಕಿದ್ರೆ ಆತು. ಬಾಕಿದ್ದೆಲ್ಲ ನಾವು ನೋಡ್ಕಂತೇವೆ."

"ಸಹಿ ಹಾಕೂಕಾದ್ರೆ ಓದಿ ನೋಡ್ಬೇಕಾತು. ಓದಿದ್ಮೇಲೆ ಸುಮ್ನೆ ಕೂತ್ಕಳೂಕೆ ಆಗುದಿಲ್ಲ" ಎಂದಳು ನಾಗವೇಣಿ. ನಾಯ್ಕರು ಅದನ್ನು ತಮಾಷೆ ಎಂದು ತಿಳಿದು ನಕ್ಕರು. ನಾನು ನಗಲಿಲ್ಲ. ಹದಿನೈದು ವರ್ಷ ಸಂಸಾರ ಮಾಡಿದವನಿಗೆ ಅವಳ ತಮಾಷೆ ಯಾವುದು, ಮುನ್ಸೂಚನೆ ಯಾವುದು ಎಂದು ಗೊತ್ತಿರುತ್ತದೆ.

ಆಕೆ ಗೆದ್ದಳು. ಗೆದ್ದ ಮೇಲೆ ಅವಳ ಗಮನವೆಲ್ಲ ಒಂದು ಸಂಕದ ಮೇಲೆ ನಿಂತಿತು. ಸಂಕ ಎಂದರೆ ನಮ್ಮ ಕಡೆ ಹಳ್ಳ ದಾಟುವುದಕ್ಕೆ ಮರದ ದಿಮ್ಮಿ ಜೋಡಿಸಿ ಮಾಡಿದ ಕಾಲುದಾರಿ. ನಮ್ಮೂರಿನ ಸಂಕ ಆಚೆ ಕೇರಿಯ ಮಕ್ಕಳು ಶಾಲೆಗೆ ಬರಲು ಇದ್ದ ಒಂದೇ ದಾರಿ. ಮಳೆಗಾಲದಲ್ಲಿ ದಿಮ್ಮಿಗೆ ಪಾಚಿ ಕಟ್ಟಿ ಜಾರುತ್ತಿತ್ತು. ತಾಯಂದಿರು ಆಚೆ ದಡದಲ್ಲಿ ಮಕ್ಕಳನ್ನು ಎಣಿಸಿಕೊಂಡು ನಿಲ್ಲುತ್ತಿದ್ದರು. ನಾಗವೇಣಿ ಅಲ್ಲಿ ಸಿಮೆಂಟಿನದ್ದೇ ಆಗಬೇಕು ಎಂದು ಹಟ ಹಿಡಿದಳು. ಅದಕ್ಕಾಗಿ ಹೊನ್ನಾವರದ ಕಚೇರಿಯಲ್ಲಿ ಇಂಜಿನಿಯರರ ಮೇಜಿನ ಎದುರು ಹೋಗಿ ಕೂರತೊಡಗಿದಳು. ಜಗಳವಿಲ್ಲ, ಕೂಗಾಟವಿಲ್ಲ, ಒಂದು ಬುಟ್ಟಿ ಅಬ್ಬಲಿಗೆ ಹೂ ಒಯ್ದು, ಬಾಳೆನಾರು ತೆಗೆದು, ಮಾಲೆ ಕಟ್ಟುತ್ತ ಕೂತುಬಿಡುವುದು. ಇಂಜಿನಿಯರರು ಬಂದವರಿಗೆಲ್ಲ, ಇವರು ಹೂ ಮಾರಲು ಬಂದವರಲ್ಲ, ನಮ್ಮ ಮೆಂಬರು ಎಂದು ವಿವರಿಸಿ ವಿವರಿಸಿ ಸೋತರು. ನಾಲ್ಕನೆಯ ವರ್ಷ ಮುಗಿಯುವ ಹೊತ್ತಿಗೆ ಹಳ್ಳದಲ್ಲಿ ಎರಡು ಕಂಬಗಳು ಎದ್ದವು. ಮೇಲಿನ ಹಾಸು ಮುಂದಿನ ವರ್ಷದ ಅನುದಾನದಲ್ಲಿ ಎಂದಾಯಿತು. ಕಂಬಗಳ ಮೇಲೆ ಬೆಳ್ಳಕ್ಕಿಗಳು ಬಂದು ಕೂರತೊಡಗಿದವು. ಅವುಗಳನ್ನು ಕಂಡಾಗಲೆಲ್ಲ ನಾಗವೇಣಿ, "ಇನ್ನೊಂದು ಸಲ ಟಿಕೇಟು ಸಿಗ್ದಿದ್ರೆ ಆ ಕಂಬ ಹಕ್ಕಿಗೇ ಗತಿ" ಎನ್ನುತ್ತಿದ್ದಳು. ಮುಂದೆ ಬರುವವರು ಹಿಂದಿನವರ ಕಂಬದ ಮೇಲೆ ಹಾಸು ಹಾಕಿದ ಚರಿತ್ರೆ ನಮ್ಮ ತಾಲೂಕಿನಲ್ಲಿ ಇರಲಿಲ್ಲ. ಅವರು ತಮ್ಮದೇ ಬೇರೆ ಎರಡು ಕಂಬ ಎಬ್ಬಿಸುತ್ತಿದ್ದರು.

ಹೀಗಿರುವಾಗ ನಾಯ್ಕರು ಮತ್ತೊಮ್ಮೆ ಬಂದರು. ಈ ಸಲ ಮುಖ ಸಪ್ಪಗಿತ್ತು. ಪಕ್ಷದ ಮೇಲಿನವರು ಹೊಸ ಕ್ರಮ ತಂದಿದ್ದಾರೆ, ಆರಿಸಿ ಬಂದ ಪ್ರತಿಯೊಬ್ಬರಿಗೂ ಶಾಲೆಯ ಮಕ್ಕಳಿಗೆ ಹಾಕಿದ ಹಾಗೆ ಅಂಕ ಹಾಕುತ್ತಾರೆ, ಅದನ್ನು ನೋಡಿಕೊಂಡು ಮುಂದಿನ ಟಿಕೇಟು ಎಂದರು. "ಘಟ್ಟದ ಮೇಲಿಂದ ಒಬ್ರು ವೀಕ್ಷಕರು ಬತ್ತ್ರು. ಕುಮಟೆಲಿ ಕೂತು ಮೂರೂ ತಾಲೂಕಿಂದು ನೋಡ್ತ್ರು. ಬಾಕಿ ಎಲ್ಲದ್ರಲ್ಲಿ ಅಕ್ಕ ಹೆಂಗೋ ಪಾಸು. ಜನಸಂಪರ್ಕದಲ್ಲಿ ಮಾತ್ರ ಸೊನ್ನೆ ಮಾರಾಯ್ರೆ. ಬೇರೆಯೊಬ್ರ ಹೆಸರೂ ಓಡಾಡ್ತಾ ಇತ್ತು."

"ದಿನಾ ಜನರ ಕೆಲ್ಸಕ್ಕೇ ಓಡ್ತಾ ಇದ್ದೆ. ಅದು ಸಂಪರ್ಕ ಅಲ್ದಾ?" ಎಂದಳು ನಾಗವೇಣಿ.

"ಕೆಲ್ಸ ಯಾರು ನೋಡ್ತ್ರು ಅಕ್ಕ? ಸಂಕ ಮಾಡಿದ್ರೆ, ಮಾಡ್ಲೇಬೇಕಿತ್ತು, ಮಾಡಿದ್ರು ಅಂತ್ರು. ಮಗಳ ಮದಿಗೆ ಹೋಗ್ದಿದ್ರೆ ಮೂರು ತಲೆಮಾರು ನೆನಪಿಟ್ಕಂತ್ರು. ನೀವು ಯಾರ ಮನೆ ಊಟಕ್ಕೂ ಹೋಗುದಿಲ್ಲ ಅಂದೇ ದೂರು."

ನಾಯ್ಕರ ಮಾತಿನಲ್ಲಿ ಹುರುಳಿತ್ತು. ಮದುವೆ, ಮುಂಜಿ, ಸೀಮಂತ, ಮನೆ ಒಕ್ಕಲು, ಸತ್ಯನಾರಾಯಣ ಕಥೆ, ಸತ್ತವರ ವೈಕುಂಠ ಸಮಾರಾಧನೆ, ಯಾವುದೇ ಇರಲಿ, ಆರಿಸಿ ಬಂದವರು ಒಂದು ಸಲ ಬಂದು ಎಲೆಯ ಮುಂದೆ ಕೂರಬೇಕೆಂಬುದು ನಮ್ಮ ಕಡೆಯ ಅಲಿಖಿತ ಕಾಯಿದೆ. ನಾಗವೇಣಿಗೆ ಮಾತ್ರ ಮಧ್ಯಾಹ್ನದ ಊಟಕ್ಕೆ ಹೋದರೆ ಕಚೇರಿಯ ದಿನ ಹಾಳು ಎಂಬ ಲೆಕ್ಕ. ಕರೆಯೋಲೆಗಳು ಕಿಟಕಿಯಲ್ಲಿ ರಾಶಿ ಬಿದ್ದಿದ್ದವು. ನಾಯ್ಕರು ಆ ರಾಶಿಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಈ ಸಲ ಅವರ ದೃಷ್ಟಿ ನನ್ನ ಹೆಗಲು ದಾಟಿ ಹೋಗಲಿಲ್ಲ, ಹೊಟ್ಟೆಯ ಹತ್ತಿರ ನಿಂತಿತು. "ಶ್ರೀಧರಣ್ಣ, ಅಕ್ಕನ ಬದ್ಲಿಗೆ ನೀವು ಹೋದ್ರೆ ಆತಲ್ಲ. ಮೆಂಬರ್ರ ಗಂಡ ಬಂದ್ರೆ ಮೆಂಬರು ಬಂದ ಹಂಗೇ."

ಜಮಖಾನ ಮಡಚಿದ್ದಕ್ಕೆ ಸಿಗದ ಸ್ಥಾನ ಊಟದ ದಾರಿಯಲ್ಲಿ ಬಂತು. ನಾನು ಒಪ್ಪಿಕೊಂಡೆ. ಹೆಂಡತಿಗಾಗಿ, ಸಂಕಕ್ಕಾಗಿ, ಹಳ್ಳ ದಾಟುವ ಮಕ್ಕಳಿಗಾಗಿ ಎಂದು ಆಗ ಹೇಳಿದ್ದೆ. ಈಗ ಇದನ್ನೂ ಸೇರಿಸುತ್ತೇನೆ: ನನಗೆ ಕಾಯಿಹೋಳಿಗೆ ಎಂದರೆ ಪ್ರಾಣ.

ಆ ಬೇಸಿಗೆಯಲ್ಲಿ ನಾನು ಪಕ್ಷಕ್ಕಾಗಿ ಉಂಡಷ್ಟು ಯಾವ ಕಾರ್ಯಕರ್ತನೂ ಉಂಡಿರಲಾರ. ಹಳೆಯ ಮೊಪೆಡ್ಡಿನ ಮೇಲೆ ಊರಿಂದೂರಿಗೆ ಹೋಗುತ್ತಿದ್ದೆ. ಉಣ್ಣುವುದು ಸುಲಭದ ಕೆಲಸವೆಂದು ತಿಳಿದವರು ಒಂದೇ ಮಧ್ಯಾಹ್ನ ಮೂರು ಕಡೆ ಉಂಡವರಲ್ಲ. ಮೊದಲ ಮನೆಯಲ್ಲಿ ಹಸಿವಿನಿಂದ ಉಣ್ಣಬೇಕು, ಎರಡನೆಯದರಲ್ಲಿ ಮರ್ಯಾದೆಗಾಗಿ, ಮೂರನೆಯದರಲ್ಲಿ ಪಕ್ಷದ ಸಿದ್ಧಾಂತಕ್ಕಾಗಿ. ಮೂರನೆಯವರಿಗೆ ಮೊದಲ ಇಬ್ಬರ ವಿಷಯ ಗೊತ್ತಾಗಬಾರದು. "ಎಂತ, ಎರಡೇ ಹೋಳಿಗೆಗೆ ಕೈ ಅಡ್ಡ ಹಿಡಿತ್ರಲ್ಲ, ನಮ್ಮನೆದು ರುಚಿ ಇಲ್ವಾ?" ಎಂದರೆ ಏನು ಹೇಳುವುದು? ಒಂದು ಓಟಿಗಾಗಿ ಒಂದು ಹೋಳಿಗೆ ತಿನ್ನಲಾರದವನು ದೇಶಕ್ಕಾಗಿ ಏನು ಮಾಡಿಯಾನು ಎಂದು ಕೈ ತೆಗೆಯುತ್ತಿದ್ದೆ.

ಮುಖದ ವ್ಯವಸ್ಥೆಯೂ ಇತ್ತು. ಮದುವೆಗೆ ಒಂದು ಮುಖ, ಸಮಾರಾಧನೆಗೆ ಒಂದು ಮುಖ. ಒಂದು ದಿನ ಇವೆರಡೂ ಅದಲುಬದಲಾಗಿ, ಮನೆ ಒಕ್ಕಲಿಗೆ ಸಮಾರಾಧನೆಯ ಮುಖದಲ್ಲೇ ಹೋಗಿಬಿಟ್ಟೆ. ಹೊಸ ಮನೆಯ ಗೋಡೆಗಳನ್ನು ನೋಡಿ ತಲೆ ತಗ್ಗಿಸಿ ನಿಟ್ಟುಸಿರು ಬಿಟ್ಟದ್ದನ್ನು ಕಂಡು ಯಜಮಾನರು ಗಾಬರಿಯಾಗಿ ನನ್ನನ್ನು ಮೂಲೆಗೆ ಕರೆದುಕೊಂಡು ಹೋದರು. "ಎಂತ ಆತು? ಪಂಚಾಯತಿಂದ ಎಂತಾದ್ರೂ ನೋಟೀಸ್ ಇತ್ತಾ?" ಎಂದು ಪಿಸುಗುಟ್ಟಿದರು. ಏನೂ ಇಲ್ಲ, ಮನೆ ಬಹಳ ಚೆನ್ನಾಗಿದೆ ಎಂದರೂ ಅವರಿಗೆ ಸಮಾಧಾನವಾಗಲಿಲ್ಲ. ಇತ್ತ ಭಟ್ಕಳದ ಅಂಗಡಿಯಲ್ಲಿ ನನ್ನ ರಜೆಗಳನ್ನು ಕಂಡು ಸಾಹೇಬರು ಬಯ್ಯುವುದನ್ನು ಬಿಟ್ಟು ಟೇಪು ಹಿಡಿದರು. "ಶ್ರೀಧರ್ ಭಾಯ್, ನಿಮ್ಮ ಪಾರ್ಟಿಗೆ ಒಂದು ಮಾತು ಹೇಳಿ. ದಾವತ್ತಿಗೆ ಕಳಿಸಿದ್ರೆ ಶರ್ಟಿನ ಬಟ್ಟೆ ಕೂಡ ಅವರೇ ಕೊಡಬೇಕು" ಎಂದರು. ಸೊಂಟದ ಅಳತೆಯಲ್ಲಿ ಆಗುತ್ತಿದ್ದ ಪ್ರಗತಿಯನ್ನು ಮೊದಲು ಪರಿಶೀಲಿಸಿದವರು ಅವರೇ.

ಆದರೆ ಶ್ರಮ ಸಾರ್ಥಕವಾಗುತ್ತಿತ್ತು. ನಾನು ಕಾಟಾಚಾರಕ್ಕೆ ಹೋಗುತ್ತಿರಲಿಲ್ಲ. ಮುಂಚಿತವಾಗಿ ಪ್ರತಿ ಮನೆಗೂ ಹೇಳಿ ಕಳಿಸುತ್ತಿದ್ದೆ: ಎಷ್ಟೇ ಹೊತ್ತಾಗಲಿ, ಖಂಡಿತ ಬರುತ್ತೇನೆ. ಹಿಂದಿನ ಮೆಂಬರುಗಳು ಬಂದರೆ ಬಂದರು, ಇಲ್ಲವಾದರೆ ಇಲ್ಲ ಎಂಬಂತಿದ್ದರು. ನಮ್ಮದು ಹಾಗಾಗಬಾರದು ಎಂದು. ಅದರ ಪರಿಣಾಮವನ್ನು ನಾನು ಕಣ್ಣಾರೆ ಕಂಡೆ. ಮೊದಲ ಮನೆಯಲ್ಲಿ ಜನ "ಬಂದ್ರಾ, ಬನ್ನಿ" ಎಂದು ಸಾಧಾರಣವಾಗಿ ಮಾತನಾಡಿಸುತ್ತಿದ್ದರು. ಎರಡನೆಯ ಮನೆಯಲ್ಲಿ ಎದ್ದು ನಿಲ್ಲುತ್ತಿದ್ದರು. ಮೂರನೆಯ ಮನೆಗೆ ಹೋಗುವ ಹೊತ್ತಿಗಂತೂ ಚಪ್ಪರದ ಬಾಗಿಲಲ್ಲೇ ನಾಲ್ಕಾರು ಜನ ದಾರಿ ಕಾಯುತ್ತ ನಿಂತಿರುತ್ತಿದ್ದರು. ಮೊಪೆಡ್ಡಿನ ಶಬ್ದ ಕೇಳಿದೊಡನೆ "ಬಂದ್ರು, ಬಂದ್ರು" ಎಂಬ ಸುದ್ದಿ ಒಳಗೆ ಹರಿಯುತ್ತಿತ್ತು. ಮುದುಕರ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿದ್ದೇನೆ. ಮಕ್ಕಳು ಅಳು ನಿಲ್ಲಿಸಿದ್ದನ್ನು ನೋಡಿದ್ದೇನೆ. ನನ್ನ ಎರಡೂ ಕೈ ಹಿಡಿದು, ಚಪ್ಪಲಿ ಬಿಡಲೂ ಸಮಯ ಕೊಡದೆ, ಎಲೆಯ ಮುಂದೆ ಎಳೆದುಕೊಂಡು ಹೋಗಿ ಕೂರಿಸುತ್ತಿದ್ದರು. ದೂರದ ಊರುಗಳ ಜನ ಹತ್ತಿರದವರಿಗಿಂತ ಹೆಚ್ಚು ಪ್ರೀತಿಯವರು ಎಂಬ ತೀರ್ಮಾನಕ್ಕೆ ಬಂದೆ. ಮನೆಗೆ ಬಂದು ನಾಗವೇಣಿಗೆ ಎಲ್ಲವನ್ನೂ ವರ್ಣಿಸುತ್ತಿದ್ದೆ. ಅವಳು ಹೂ ಕಟ್ಟುತ್ತ ಕೇಳುತ್ತಿದ್ದಳು, ಹೂಂ ಎನ್ನುತ್ತಿದ್ದಳು, ಹೆಚ್ಚು ಮಾತಾಡುತ್ತಿರಲಿಲ್ಲ. ಗಂಡನ ಜನಪ್ರಿಯತೆ ಹೆಂಡತಿಗೆ ತುಸು ಚುಚ್ಚುವುದು ಸಹಜ ಎಂದು ನಾನೂ ಒತ್ತಾಯಿಸಲಿಲ್ಲ.

ಕುಮಟೆಯ ಸಭೆಯ ದಿನ ಬಂತು. ಪಕ್ಷದ ಕಚೇರಿ ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿತ್ತು. ಮೂರು ತಾಲೂಕಿನ ಮೆಂಬರುಗಳು ಸೇರಿದ್ದರು. ಮೆಂಬರಾದ ಹೆಂಗಸರು ಹಿಂದಿನ ಬೆಂಚಿನಲ್ಲಿ, ಅವರ ಗಂಡಂದಿರು ಮುಂದಿನ ಕುರ್ಚಿಯಲ್ಲಿ. ಇದೂ ಒಂದು ಅಲಿಖಿತ ಕಾಯಿದೆ. ವೀಕ್ಷಕರು ಧಾರವಾಡದ ಕಡೆಯವರು, ಪಾಟೀಲರು ಎಂದು. ಬಿಳಿ ಮೀಸೆಯ ದೊಡ್ಡ ಆಳು, ಮಾತು ಮಾತ್ರ ಮೆತ್ತಗೆ. ಒಬ್ಬೊಬ್ಬರ ಹೆಸರು ಕರೆದಂತೆ ಆಯಾ ತಾಲೂಕಿನ ಅಧ್ಯಕ್ಷರು ಎದ್ದು ವರದಿ ಒಪ್ಪಿಸುತ್ತಿದ್ದರು. ಭಟ್ಕಳದ ಕಡೆಯ ಒಬ್ಬರು ಮೆರವಣಿಗೆಯಲ್ಲಿ ಬಾವುಟ ಹಿಡಿದ ತಮ್ಮ ಫೋಟೋಗಳ ಆಲ್ಬಮ್ಮನ್ನೇ ತಂದಿದ್ದರು. ಪಾಟೀಲರು ಪುಟ ತಿರುವಿ ತಿರುವಿ, "ಛೊಲೋ ಬಂದಾವ್ರಿ ಫೋಟೋ. ಯಾವ ಸ್ಟುಡಿಯೋ?" ಎಂದು ಕೇಳಿ ಮುಚ್ಚಿಟ್ಟರು. ಇನ್ನೊಬ್ಬರು ಐದು ವರ್ಷವೂ ಪಕ್ಷದ ವಿರುದ್ಧ ಒಂದು ಮಾತನ್ನೂ ಆಡಿಲ್ಲ ಎಂದು ಅವರ ಅಧ್ಯಕ್ಷರು ಹೊಗಳಿದರು. ವಿಚಾರಿಸಿದರೆ ಅವರು ಪಕ್ಷದ ಪರವಾಗಿಯೂ ಆಡಿರಲಿಲ್ಲ. ಅವರಿಗೂ ಒಳ್ಳೆಯ ಅಂಕ ಬಿತ್ತು.

ನಾಗವೇಣಿಯ ಹೆಸರು ಬಂದಾಗ ನಮ್ಮ ನಾಯ್ಕರು ಗಂಟಲು ಸರಿಮಾಡಿಕೊಂಡು ಎದ್ದರು. "ಇವರದ್ದು ಜನಸಂಪರ್ಕ ಸ್ವಲ್ಪ ಕಮ್ಮಿ ಇತ್ತು ಸಾಹೇಬ್ರೆ. ಆದ್ರೆ ಈ ಬೇಸಿಗೇಲಿ ಬಹಳ ಸುಧಾರಿಸ್ತು. ಕ್ಷೇತ್ರದಲ್ಲಿ ಒಂದು ಮದಿ ತಪ್ಪಿಸ್ಲಿಲ್ಲ, ಒಂದು ಸಮಾರಾಧನೆ ತಪ್ಪಿಸ್ಲಿಲ್ಲ. ಅಕ್ಕನ ಬದ್ಲಿಗೆ ಯಜಮಾನ್ರು ಎಲ್ಲ ಕಡೆ ಹೋಗ್ತ್ರು" ಎಂದು ನನ್ನ ಕಡೆ ಕೈ ತೋರಿಸಿದರು. ನಾನು ಅರ್ಧ ಎದ್ದು ಕೈಮುಗಿದೆ. ಪಾಟೀಲರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನನ್ನನ್ನೇ ನೋಡಿದರು.

"ಇವರನ್ನ ನಾ ನೋಡೀನಿ" ಎಂದರು.

ಪಾಟೀಲರಂಥವರೂ ಗುರುತಿಸುವ ಮಟ್ಟಕ್ಕೆ ಬೆಳೆದೆನಲ್ಲ ಎಂದು ನನ್ನ ಎದೆ ಉಬ್ಬಿತು. ಹೊಟ್ಟೆ ಮೊದಲೇ ಉಬ್ಬಿತ್ತಾದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ಪಾಟೀಲರು ನಿಧಾನವಾಗಿ ಹೇಳತೊಡಗಿದರು. "ಸಭಾದಾಗ ಕೂತು ಕೇಳಿದ್ರ ಎಲ್ಲಾರೂ ಛೊಲೋನ ಹೇಳ್ತಾರ್ರಿ. ಅದಕ್ಕ ನಾ ಹೋದ ಆಯಿತವಾರ ಯಾರಿಗೂ ಹೇಳದ ನಿಮ್ಮ ಹೊನ್ನಾವರ ಕಡಿ ಬಂದಿದ್ದೆ. ಪರಿಚಯದವರ ಜೋಡಿ ಒಂದು ಮದಿವಿಗೆ ಹೋದೆ. ಜನ ಏನ ಮಾತಾಡ್ತಾರ ಕೇಳೂಣು ಅಂತ. ಮಧ್ಯಾಹ್ನಕ್ಕ ಅಕ್ಕಿಕಾಳು ಬಿತ್ತು. ಎಲಿ ಹಾಕಿದ್ರು, ಕೂತ್ವಿ. ನೀರು ಚಿಮುಕಿಸಿಕೊಂಡ್ವಿ. ಉಪ್ಪು ಬಡಿಸಿದ್ರು, ಉಪ್ಪಿನಕಾಯಿ ಬಡಿಸಿದ್ರು, ಕೋಸಂಬರಿ ಬಡಿಸಿದ್ರು. ಮುಂದ ಅನ್ನ ಬರವಲ್ದು. ಅರ್ಧ ತಾಸಾತು, ಒಂದು ತಾಸಾತು. ಯಾಕ್ರಿ ಅಂತ ಬಾಜೂಕಿನವರನ್ನ ಕೇಳಿದೆ. 'ಮೆಂಬರ್ರ ಗಂಡ ಬರಬೇಕು' ಅಂದ್ರು. ಅವರು ಬರದಿದ್ರ ಊಟಾ ಮಾಡಬಾರದೇನ್ರಿ ಅಂದೆ. 'ಬರುದಿಲ್ಲ ಅಂದಿದ್ರೆ ಉಂಡು ಮನಿಗೆ ಹೋಗ್ತಿದ್ವಿ ಒಡೆಯಾ, ಖಂಡಿತ ಬರ್ತೆ ಅಂತ ಹೇಳಿ ಕಳ್ಸ್ಯಾರ' ಅಂದ್ರು."

ಪಾಟೀಲರು ಮುಂದುವರಿಸಿದರು. "ನನಗ ಸಕ್ಕರಿ ಬ್ಯಾನಿ ಐತ್ರಿ. ಹೊತ್ತಿಗೆ ಸರಿಯಾಗಿ ಉಣಬೇಕು. ಕೋಸಂಬರಿ ತಿಂದು ಮುಗಿಸಿದೆ, ಉಪ್ಪಿನಕಾಯಿ ನೆಕ್ಕಿ ಮುಗಿಸಿದೆ. ಎದುರಿನ ಸಾಲಿನಾಗ ಒಬ್ಬ ಅಜ್ಜ ಕೂತಲ್ಲೆ ನಿದ್ದಿ ಹೋಗಿದ್ದ. ಹುಡುಗೂರು ಅಳಾಕತ್ತಿದ್ವು. ಮೂರರ ಸುಮಾರಿಗೆ ಹೊರಗ ಫಟ್‌ಫಟ್ ಅಂತ ಗಾಡಿ ಸಪ್ಪಳಾತು. ಇಡೀ ಚಪ್ಪರ ಎದ್ದು ನಿಂತಿತು. ನಾನೂ ನಿಂತೆ. ಈ ಯಜಮಾನ್ರು ನಕ್ಕೋತ ಕೈಮುಗಕೋತ ಒಳಗ ಬಂದ್ರು. ನನ್ನ ಹತ್ರಾನೂ ಬಂದು, 'ನಿಮ್ಮ ಪ್ರೀತಿ ಹಿಂಗೇ ಇರಲಿ' ಅಂದ್ರು. ಪ್ರೀತಿ ಅಲ್ಲರೀ ಅದು, ಹಸಿವಿ."

ಕುರ್ಚಿಯಲ್ಲಿ ಕೂತಲ್ಲೇ ನಾನು ಕುಗ್ಗುತ್ತ ಹೋದೆ. ಬೇಸಿಗೆಯ ಉದ್ದಕ್ಕೂ ಕಂಡ ಮುಖಗಳು ಒಂದೊಂದಾಗಿ ಕಣ್ಣೆದುರು ಬಂದವು. ಅಳು ನಿಲ್ಲಿಸಿದ ಆ ಮಕ್ಕಳು, ಕಣ್ಣೀರು ತುಂಬಿಕೊಂಡ ಆ ಮುದುಕರು, ಚಪ್ಪಲಿ ಬಿಡಲೂ ಬಿಡದೆ ಎಳೆದುಕೊಂಡು ಹೋದ ಆ ಕೈಗಳು. ನಾನು ಎಷ್ಟು ಮನೆಗಳಲ್ಲಿ ಉಂಡೆನೋ ಅಷ್ಟೂ ಮನೆಗಳ ನೆಂಟರನ್ನು ಉಪವಾಸ ಕೆಡವಿದ್ದೆ. ಉಂಡೂ ಹೋದ, ಕೊಂಡೂ ಹೋದ ಎಂಬ ಗಾದೆಯವನೇ ನನಗಿಂತ ವಾಸಿ. ಅವನು ಬರುವವರೆಗೆ ಯಾರೂ ಕಾಯಬೇಕಾಗಿರಲಿಲ್ಲ. ಇಷ್ಟಾದರೂ ನನ್ನ ಅವಮಾನಕ್ಕಿಂತ ಹೆಚ್ಚಾಗಿ ಆ ಹೊತ್ತಿನಲ್ಲಿ ನನ್ನನ್ನು ಕಾಡಿದ್ದು ಹಳ್ಳದ ಆ ಎರಡು ಕಂಬಗಳು. ಹೆಂಡತಿ ಹೂ ಕಟ್ಟಿ ಕಟ್ಟಿ ಎಬ್ಬಿಸಿದ್ದನ್ನು ನಾನು ಹೋಳಿಗೆ ತಿಂದು ಕೆಡವಿದೆನಲ್ಲ ಎಂದು ನಿಜಕ್ಕೂ ಸಂಕಟವಾಯಿತು.

ಪಾಟೀಲರು ಹಿಂದಿನ ಬೆಂಚಿನ ಕಡೆ ನೋಡಿದರು. "ತಂಗಿ, ನೀವು ಮುಂದ ಬರ್ರಿ. ಆಗಿಂದ ನಿಮ್ಮ ಮಾತು ನಾವಽ ಆಡಾಕತ್ತೀವಿ. ನೀವು ಏನ ಮಾಡೀರಿ ಹೇಳ್ರಿ."

ನಾಗವೇಣಿ ಎದ್ದು ಬಂದಳು. "ನಾನು ಹೆಚ್ಚಿಂದು ಎಂತದೂ ಮಾಡ್ಲಿಲ್ಲ. ನಮ್ಮೂರ ಹಳ್ಳಕ್ಕೆ ಸಂಕದ ಕಂಬ ಆತು. ಹಾಸು ಬಾಕಿ ಇತ್ತು. ಟಿಕೇಟು ನಂಗೆ ಕೊಟ್ರೆ ನಾನು ಮುಗಿಸ್ತೆ. ಬೇರೆಯವರಿಗೆ ಕೊಟ್ರೂ ಅಡ್ಡಿಲ್ಲ, ಅದೊಂದು ಮುಗಿಸಿ ಅಂದೇಳಿ ಅವರತ್ರ ಮಾತು ತಕಂಡು ಕೊಡಿ. ಮಕ್ಕಳು ದಾಟುದು ಅದ್ರ ಮೇಲೆ" ಎಂದಳು. ನನ್ನನ್ನು ದೂರಲೂ ಇಲ್ಲ, ಸಮರ್ಥಿಸಿಕೊಳ್ಳಲೂ ಇಲ್ಲ.

"ಇದಕ್ಕ ಎಷ್ಟು ಅಂಕ ಹಾಕೂಣ್ರಿ ನಾಯ್ಕರ?" ಎಂದರು ಪಾಟೀಲರು. ನಾಯ್ಕರು ಹತ್ತಿರ ಹೋಗಿ ಪಾಟೀಲರ ಎದುರಿದ್ದ ಅಂಕಪಟ್ಟಿಯ ಮೇಲಿನಿಂದ ಕೆಳಗಿನವರೆಗೂ ಬೆರಳಾಡಿಸಿದರು. ಸಭೆಗೆ ಬಂದದ್ದಕ್ಕೆ ಅಂಕವಿತ್ತು, ಬಾವುಟ ಕಟ್ಟಿದ್ದಕ್ಕೆ ಇತ್ತು, ನಾಯಕರು ಬಂದಾಗ ಜನ ಸೇರಿಸಿದ್ದಕ್ಕೆ ಇತ್ತು, ಜನಸಂಪರ್ಕಕ್ಕಂತೂ ಇದ್ದೇ ಇತ್ತು. ಕೆಲಸ ಮಾಡಿದ್ದಕ್ಕೆ ಅಂಕ ಹಾಕಲು ಜಾಗವೇ ಇರಲಿಲ್ಲ. ಮೇಲಿನವರಿಗೆ ಅದು ಹೊಳೆದಿರಲಿಲ್ಲವಂತೆ. ಪಾಟೀಲರು ನಕ್ಕು ಅಂಚಿನಲ್ಲಿ ಏನೋ ಗೀಚಿಕೊಂಡರು.

ಭಟ್ಕಳದ ಬಸ್ಸು ಹಿಡಿದು ಮನೆಗೆ ಹೊರಟೆವು. ಹೊನ್ನಾವರ ದಾಟಿ ಶರಾವತಿಯ ಸೇತುವೆ ಬಂದಾಗ ನಾನೇ ಕೇಳಿದೆ, ನಿನಗೆ ಈ ಸಂಗತಿ ಮೊದಲೇ ಗೊತ್ತಿತ್ತೇ ಎಂದು.

"ಗೊತ್ತಿತ್ತು. ಬಾವಿಕಟ್ಟೆಲಿ ಹೆಂಗಸ್ರು ಹೇಳ್ತಾ ಇದ್ರು. ನಿಮ್ಮನ್ನ ಬೇಗ ಕಳ್ಸು, ಇಲ್ದಿದ್ರೆ ಕಳ್ಸಲೇ ಬೇಡ ಅಂದೇಳಿ."

"ಹಾಗಿದ್ದರೆ ಹೇಳಬಾರದಿತ್ತೇ?"

"ಹೇಳುವಾ ಅಂದೇ ಇದ್ದೆ. ನೀವು ಸಂಜೆ ಅಷ್ಟು ಖುಷಿಲಿ ಬತ್ತಿದ್ರಿ. ಇವತ್ತು ಅಲ್ಲಿ ಎದ್ದು ನಿಂತ್ರು, ಇಲ್ಲಿ ಕೈ ಹಿಡ್ಕಂಡ್ರು ಅಂದೇಳಿ ಹೇಳ್ತಾ ಇದ್ರೆ ನಂಗೆ ಬಾಯೇ ಬರ್ಲಿಲ್ಲ" ಎಂದಳು. "ಅದೂ ಅಲ್ದೆ, ನೀವು ಊಟಕ್ಕೆ ಹೋದ್ರೆ ನಂಗೆ ಮಧ್ಯಾಹ್ನದ ಅಡಿಗೆ ಉಳಿತಿತ್ತು. ಆ ಹೊತ್ತು ಕಚೇರಿಲಿ ಕೂತ್ಕಳೂಕೆ ಆಗ್ತಿತ್ತು" ಎಂದೂ ಸೇರಿಸಿದಳು. ಅಂದರೆ ನಾನು ಸಂಕಕ್ಕಾಗಿಯೇ ಉಂಡಂತಾಯಿತು ಎಂದು ನನಗೆ ಸ್ವಲ್ಪ ಧೈರ್ಯ ಬಂತು. ಅವಳು ಒಂದು ಬಿಸ್ಕೀಟಿನ ಪೊಟ್ಟಣ ತೆಗೆದು ನನ್ನ ಮುಂದೆ ಹಿಡಿದಳು. ಕುಮಟೆಯಲ್ಲಿ ಆ ದಿನ ಇಬ್ಬರೂ ಉಂಡಿರಲಿಲ್ಲ.

ಕೆಲವು ದಿನ ಬಿಟ್ಟು ನಾಯ್ಕರು ಬಂದರು. ಮೀಸಲಾತಿ ನಮ್ಮ ಪುಣ್ಯಕ್ಕೆ ಮತ್ತೊಮ್ಮೆ ಮಹಿಳೆಗೇ ಬಂದಿತ್ತು, ಟಿಕೇಟು ನಾಗವೇಣಿಗೇ ಆಗಿತ್ತು. ಆದರೆ ಒಂದು ಷರತ್ತಿತ್ತು. ಷರತ್ತನ್ನು ಹೇಳುವಾಗ ನಾಯ್ಕರು ನನ್ನ ಮುಖ ನೋಡಲಿಲ್ಲ, ಅಂಗಳದಲ್ಲಿ ಒಣಗಲು ಹಾಕಿದ್ದ ಕೊಬ್ಬರಿಯನ್ನು ನೋಡಿದರು. "ಚುನಾವಣೆ ಮುಗಿವರಿಗೆ ಯಜಮಾನ್ರು ಯಾರ ಮನೆ ಊಟಕ್ಕೂ ಹೋಗ್ಲಾಗ ಅಂದೇಳಿ ಪಾಟೀಲರದ್ದು ಆದೇಶ." ಪಕ್ಷ ಆ ಇಡೀ ಪರಿಶೀಲನೆಯಲ್ಲಿ ಶಿಸ್ತುಕ್ರಮ ಕೈಗೊಂಡದ್ದು ಒಬ್ಬನ ಮೇಲೆ ಮಾತ್ರ, ಆ ಒಬ್ಬ ಆರಿಸಿ ಬಂದವನೇ ಅಲ್ಲ. ನಾನು ಆದೇಶವನ್ನು ಅಕ್ಷರಶಃ ಪಾಲಿಸಿದೆ. ಮದುವೆಯ ವಾಲಗ ಕೇಳಿಸಿದ ದಿನಗಳಲ್ಲಿ ಬಾಗಿಲು ಹಾಕಿಕೊಂಡು ಗಂಜಿ, ಉಪ್ಪಿನಕಾಯಿ ಉಂಡೆ. ಆ ಬಾರಿ ನಾಗವೇಣಿ ಮೊದಲಿಗಿಂತ ಹೆಚ್ಚು ಅಂತರದಿಂದ ಗೆದ್ದಳು. ನಾಯ್ಕರು ಅವಳಿಗೆ ಹಾರ ಹಾಕಿದ ಮೇಲೆ ನನ್ನ ಕೈ ಕುಲುಕಿ, "ನೀವು ಹೋಗ್ದೇ ಇದ್ದದ್ದು ಬಹಳ ಕೆಲ್ಸ ಮಾಡ್ತು" ಎಂದು ಮನಸಾರೆ ಮೆಚ್ಚಿಕೊಂಡರು.

ಮುಂದಿನ ಮಳೆಗಾಲಕ್ಕೆ ಮೊದಲೇ ಸಂಕದ ಹಾಸು ಮುಗಿಯಿತು. ಊರವರೆಲ್ಲ ಸೇರಿ ದಡದ ಮೇಲೆ ಚಪ್ಪರ ಹಾಕಿ ಅಡುಗೆ ಮಾಡಿಸಿದರು. ನಾಗವೇಣಿ ಬಡಿಸುವವರನ್ನು ಕರೆದು ಒಂದೇ ಮಾತು ಹೇಳಿದ್ದಳಂತೆ: ಹೊತ್ತಾದ ಕೂಡಲೇ ಬಡಿಸಿ, ಯಾರಿಗೂ ಕಾಯಬೇಡಿ, ನಂಗೂ ಕಾಯಬೇಡಿ. ಆ ದಿನ ಅಂಗಡಿಯಲ್ಲಿ ಎಣಿಸಿದ್ದಕ್ಕಿಂತ ಹೆಚ್ಚು ಗಿರಾಕಿಗಳು ಬಂದು ನನಗೆ ಹೊರಡಲು ತಡವಾಯಿತು. ದಾರಿಯಲ್ಲಿ ನಾಯ್ಕರು ಸಿಕ್ಕಿ, ತಮ್ಮ ಗಾಡಿಯ ಹಿಂದೆ ಹತ್ತಿಸಿಕೊಂಡರು. ಅವರೂ ಎಲ್ಲಿಯೋ ಸಭೆ ಮುಗಿಸಿ ತಡವಾಗಿ ಬರುತ್ತಿದ್ದರು. ಹೊಸ ಸಂಕದ ಮೇಲೆ ನಾವಿಬ್ಬರೂ ನಡೆದುಕೊಂಡು ಆಚೆ ಹೋದಾಗ ಊಟ ಭರದಿಂದ ಸಾಗಿತ್ತು. ಯಾರೂ ಏಳಲಿಲ್ಲ. ಯಾರೂ ಕೈ ಹಿಡಿಯಲಿಲ್ಲ. "ಬಂದ್ರು" ಎಂದು ಯಾರೂ ಹೇಳಲಿಲ್ಲ. ಮಕ್ಕಳು ಪಾಯಸವನ್ನು ಎಲೆಯಿಂದ ಅಂಗೈಗೆ, ಅಂಗೈಯಿಂದ ಬಾಯಿಗೆ ಸಾಗಿಸುವುದರಲ್ಲಿ ಮುಳುಗಿದ್ದವು. ಒಬ್ಬ ಅಜ್ಜಿ ಮಾತ್ರ ತಲೆ ಎತ್ತಿ, ತುಂಬಿದ ಬಾಯಲ್ಲೇ, "ಎರಡ್ನೇ ಪಂಕ್ತಿಗೆ ಜಾಗ ಸಿಕ್ಕುತು, ಅಲ್ಲಿ ನಿಂತ್ಕಣಿ" ಎಂದಳು.

ನಾಯ್ಕರು ಚಪ್ಪರದ ಕಂಬಕ್ಕೆ ಒರಗಿ ಒಂದು ಸುತ್ತು ಎಲ್ಲರ ಮುಖ ನೋಡಿದರು. "ಎಂತ ಶ್ರೀಧರಣ್ಣ, ಜನ ನಮ್ಮ ಬದಿ ತಿರುಗೂ ನೋಡುದಿಲ್ಲ."

"ಎಲ್ಲರ ಹೊಟ್ಟೆ ತುಂಬ್ತಾ ಇತ್ತು, ಅದ್ಕೇ" ಎಂದೆ.

ನಾಯ್ಕರು ಗಂಭೀರವಾಗಿ ಯೋಚಿಸಿದರು. "ಹಿಂಗಾದ್ರೆ ಮುಂದಿನ ಸಲ ನಮ್ಗೆ ಕಷ್ಟ" ಎಂದರು.

ಆ ದೃಶ್ಯವನ್ನು ಕಂಡು ನನಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಸಾಲಿನ ಕೊನೆಯಲ್ಲಿ ಸೆರಗು ಸಿಕ್ಕಿಸಿಕೊಂಡು ಸಾರು ಬಡಿಸುತ್ತಿದ್ದ ನಾಗವೇಣಿಯನ್ನು ಕಂಡು ಹೆಮ್ಮೆಯೂ ಆಯಿತು. ಆದರೂ ನಾಯ್ಕರ ಮಾತಿಗೆ ನನ್ನ ತಲೆ ತಾನಾಗಿಯೇ ಹೌದೆಂದು ಅಲ್ಲಾಡಿತು.